ಅತ್ತೆಯ ಕೈಲಾಸ ಮತ್ತು ಬಾಡಿಗೆ ಸೈಕಲ್ಲು

ಸುದ್ದಿ ಬಂದಾಗ ನಾನು ಆರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಅದರ ಮೈಮೇಲೆ ನೀರು ಸವರುತ್ತಿದ್ದೆ. ಇಷ್ಟು ವರ್ಷವಾದರೂ ಅದು ಆರನೆಯದೇ ಎಂಬುದು ಮರೆತಿಲ್ಲ. ಯಾಕೆಂದರೆ ಆ ರೊಟ್ಟಿ ಹಂಚಿನ ಮೇಲೆಯೇ ಸುಟ್ಟು ಕರಕಲಾಯಿತು. ನಮ್ಮ ಅತ್ತೆ ಬದುಕಿರುವವರೆಗೆ ಬಂದವರ ಮುಂದೆ ನನ್ನನ್ನು ಹೊಗಳುವಾಗಲೆಲ್ಲ ಕೊನೆಗೆ, "ಬಂದಾಗಿಂದ ಒಂದ ರೊಟ್ಟಿ ಸುಟ್ಟಾಳ ನೋಡ್ರಿ, ಒಂದ" ಎಂದು ಸೇರಿಸುವುದನ್ನು ಬಿಡಲಿಲ್ಲ. ಅದು ಹೊಗಳಿಕೆಯೋ ದೂರೋ ನನಗಿನ್ನೂ ತಿಳಿದಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ಒಂದೊಂದಾಗಿ ತೆಗೆದೆ. ತಳದಲ್ಲಿ ಒಂದು ಕ್ಯಾಲೆಂಡರಿನ ಚಿತ್ರ ಹಾಸಿತ್ತು. ಕೆಳಗಿನ ತಾರೀಖಿನ ಹಾಳೆಗಳು ಯಾವಾಗಲೋ ಹರಿದು ಹೋಗಿವೆ, ಚಿತ್ರ ಮಾತ್ರ ಉಳಿದಿದೆ. ಹಿಂದೆ ಸಾಲಾಗಿ ನಿಂತ ಬೆಳ್ಳನೆಯ ಹಿಮದ ಗುಡ್ಡಗಳು, ನಡುವೆ ಹಸಿರು ಕಣಿವೆ, ಕಣಿವೆಯ ತಳದಲ್ಲಿ ನೀಲಿ ನೂಲಿನಂಥ ಹೊಳೆ. ಹೊಳೆಯ ಪಕ್ಕ ಸುತ್ತಿ ಸುತ್ತಿ ಇಳಿಯುವ ಕಪ್ಪು ರಸ್ತೆ. ಆ ರಸ್ತೆಯ ಮೇಲೆ, ಕೆಳ ಅಂಚಿನ ಹತ್ತಿರ, ಜೋಳದ ಕಾಳಿನಷ್ಟು ಗಾತ್ರದ ಇಬ್ಬರು ಹೆಂಗಸರು ಸೈಕಲ್ ಹೊಡೆಯುತ್ತಿದ್ದಾರೆ. ಒಬ್ಬಳ ತಲೆಯ ಮೇಲೆ ಟೊಪ್ಪಿಗೆ, ಇನ್ನೊಬ್ಬಳ ಸೈಕಲ್ಲಿಗೆ ಮುಂದೊಂದು ಬುಟ್ಟಿ. ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಸೀರೆಗಳು ಅರ್ಧ ದಿನ ನೆರಳಿನಲ್ಲೇ ಉಳಿದವು.

ಎಪ್ಪತ್ತರ ದಶಕದ ಮಾತು. ನಮ್ಮ ಮನೆಯವರು ತಿಕೋಟಾದ ಕನ್ನಡ ಸಾಲಿಯ ಮಾಸ್ತರರು. ವಿಜಯಪುರಕ್ಕೆ ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಅಲ್ಲಿಯ ಜೋರಾಪುರ ಪೇಟೆಯ ಮನೆಯನ್ನು ಬಿಟ್ಟು ಅತ್ತೆಯೂ ನಮ್ಮ ಜೊತೆ ತಿಕೋಟಾಕ್ಕೆ ಬಂದಿದ್ದರು. ಎರಡು ಖೋಲಿಯ ಬಾಡಿಗೆ ಮನೆ, ಮುಂದೆ ಒಂದು ಕಟ್ಟೆ, ಕಟ್ಟೆಯ ಎದುರಿಗೆ ದಸ್ತಗೀರಸಾಬರ ಸೈಕಲ್ ಅಂಗಡಿ. ಪಂಕ್ಚರ್ ತಿದ್ದುವುದು, ಗಾಳಿ ಹೊಡೆಯುವುದು, ಸೈಕಲ್ಲುಗಳನ್ನು ತಾಸಿನ ಮೇಲೆ ಬಾಡಿಗೆಗೆ ಕೊಡುವುದು, ಇದು ಅವರ ದಂಧೆ. ಆ ಅಂಗಡಿಯಲ್ಲಿ ಯಾರೂ ಮುಟ್ಟದ ಒಂದು ಸೈಕಲ್ ಇತ್ತು. ಹಿಂದೆ ಊರಿನಲ್ಲಿದ್ದ ನರ್ಸಬಾಯಿ ವರ್ಗವಾಗಿ ಹೋಗುವಾಗ ಮಾರಿ ಹೋದ ಹೆಂಗಸರ ಸೈಕಲ್ಲು ಅದು, ನಡುವೆ ದಂಡಿ ಇಲ್ಲದ್ದು. ಅದನ್ನು ತೆಗೆದುಕೊಂಡು ಹೋಗಲು ಗಂಡಸರಿಗೆ ನಾಚಿಕೆ. ಹೆಂಗಸರು ತೆಗೆದುಕೊಂಡು ಹೋಗುವ ಮಾತೇ ಇರಲಿಲ್ಲ. ಹೀಗಾಗಿ ಅದು ಗೋಡೆಗೆ ಒರಗಿ, ಯಾರದೋ ದಾರಿ ಕಾಯುತ್ತ ನಿಂತಂತೆ ನಿಂತಿರುತ್ತಿತ್ತು.

ಕ್ಯಾಲೆಂಡರನ್ನು ಕೊಟ್ಟವರೂ ದಸ್ತಗೀರಸಾಬರೇ. ಸೈಕಲ್ ಸಾಮಾನಿನವರು ಅವರಿಗೆ ಕೊಟ್ಟಿದ್ದ ಎರಡರಲ್ಲಿ ಒಂದನ್ನು ನಮ್ಮ ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ಬಿಚ್ಚಿ ನೋಡಿದರು. ಹಿಮದ ಗುಡ್ಡ ಕಂಡದ್ದೇ ತಡ, ಎರಡೂ ಕೈ ಮುಗಿದು, "ಶಿವ ಶಿವಾ, ಕೈಲಾಸ" ಅಂದರು. ಒಳಗೆ ತಂದು ದೇವರ ಜಗಲಿಯ ಪಕ್ಕ ಮೊಳೆ ಹೊಡೆಸಿ ತೂಗುಹಾಕಿದರು. ಅಂದಿನಿಂದ ಪ್ರತಿ ಸೋಮವಾರ ಕೈಲಾಸಕ್ಕೆ ವಿಭೂತಿ. ಗುಡ್ಡದ ತುದಿ ಅತ್ತೆಯ ಕೈಗೆ ಎಟಕುತ್ತಿರಲಿಲ್ಲ. ಹಾಗಾಗಿ ವಿಭೂತಿ, ಕುಂಕುಮವೆಲ್ಲ ಚಿತ್ರದ ಕೆಳ ಅಂಚಿಗೇ ಬೀಳುತ್ತಿತ್ತು. ಎರಡೇ ತಿಂಗಳಲ್ಲಿ ಆ ಇಬ್ಬರು ಹೆಂಗಸರು ಸೈಕಲ್ ಸಮೇತ ವಿಭೂತಿಯಲ್ಲಿ ಮುಳುಗಿಹೋದರು.

ನಮ್ಮ ಮನೆಯವರು ಮಾಸ್ತರರಲ್ಲವೇ, ಸುಮ್ಮನಿರಲಾರರು. ಒಂದು ದಿನ ನಕಾಶೆ ತಂದು ನೆಲದ ಮೇಲೆ ಹಾಸಿದರು. "ಅವ್ವಾ, ಇದು ಕೈಲಾಸಲ್ಲ. ಪರದೇಶದ ಗುಡ್ಡ. ಇಲ್ಲಿ ನೋಡು, ಇಲ್ಲೈತಿ."

ಅತ್ತೆ ನಕಾಶೆಯನ್ನು ಒಮ್ಮೆ ನೋಡಿ, "ನೀ ಹೋಗಿ ನೋಡಿ ಬಂದೀ ಏನ?" ಎಂದು ಕೇಳಿದರು.

"ಇಲ್ಲ."

"ನಾನೂ ಹೋಗಿಲ್ಲ. ಮಡಚಿ ಇಡು. ಅದರ ಮ್ಯಾಲೆ ಯಾರರ ಕಾಲಿಟ್ಟಾರು."

ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು.

ನನಗೆ ಸೈಕಲ್ಲಿನ ಹುಚ್ಚು ಹಿಡಿದದ್ದು ಆ ಚಿತ್ರದಿಂದಲೇ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ತವರುಮನೆ ಬಬಲೇಶ್ವರ. ತಿಕೋಟಾದಿಂದ ನೇರ ದಾರಿ ಹಿಡಿದರೆ ಹತ್ತಿರ. ಆದರೆ ನೇರ ದಾರಿಗೆ ಬಸ್ಸಿಲ್ಲ. ಮೊದಲು ಬಿಜಾಪುರಕ್ಕೆ ಹೋಗಿ, ಅಲ್ಲಿ ಸ್ಟ್ಯಾಂಡಿನಲ್ಲಿ ಕಾದು, ಇನ್ನೊಂದು ಬಸ್ ಹತ್ತಿ ಹೋಗಬೇಕು. ಅವ್ವನ ಮುಖ ನೋಡಿ ಬರುವುದೆಂದರೆ ಎರಡು ದಿನದ ಕೆಲಸ. ಎರಡು ದಿನ ಮನೆ ಬಿಡಲು ಯಾವ ಸೊಸೆಗೆ ಸಾಧ್ಯ? ಅವ್ವನ ಕಣ್ಣಿಗೆ ಆಗಲೇ ಪರೆ ಬರತೊಡಗಿತ್ತು. ನಾನು ಹೋದಾಗಲೆಲ್ಲ ಮುಖವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ನೋಡುತ್ತಿದ್ದಳು. ಅದನ್ನು ಕಂಡು ಬಂದ ರಾತ್ರಿ ನಮ್ಮ ಮನೆಯವರ ಮುಂದೆ ಅತ್ತುಬಿಟ್ಟೆ. ಅವರು "ಸೈಕಲ್ ಕಲೀತೀ ಏನು?" ಅಂದರು. ದೇವರು ನನಗೆ ಚಿನ್ನ ಬಣ್ಣ ಕೊಡದಿದ್ದರೂ ಇಂಥದ್ದೊಂದು ಪ್ರಶ್ನೆ ಕೇಳುವ ಗಂಡನನ್ನು ಕೊಟ್ಟ ಎಂದು ಆ ದಿನದ ದೀಪ ಹಚ್ಚುವಾಗ ಎಣಿಸಿಕೊಂಡೆ.

ಎಣಿಸುವ ಈ ರೂಢಿಯೂ ಅವ್ವನದೇ. ಸಂಜೆ ದೀಪ ಹಚ್ಚಿದ ಮೇಲೆ ಹೆಬ್ಬೆರಳಿನಿಂದ ಬೆರಳಿನ ಗೆರೆಗಳನ್ನು ಮುಟ್ಟುತ್ತ, ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಬೇಕು. ಆಕಳು ಒದೆಯದೆ ಹಾಲು ಕೊಟ್ಟಿತು, ಒಂದು. ಹಪ್ಪಳ ಒಣಗುವ ತನಕ ಮೋಡ ಬರಲಿಲ್ಲ, ಎರಡು. "ದೊಡ್ಡವನ್ನ ಎಲ್ಲಾರೂ ನೆನಸ್ತಾರ ಬೇ, ಸಣ್ಣವನ್ನ ನಾವರ ನೆನಸೋಣು" ಎನ್ನುತ್ತಿದ್ದಳು. ಹತ್ತು ಗೆರೆ ದಾಟದ ದಿನ ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ, ಊರೆಲ್ಲ ಮಲಗಿದ ಮಧ್ಯಾಹ್ನ, ಸಾಲಿಯ ಹಿಂದಿನ ಬಯಲಿನಲ್ಲಿ ನನ್ನ ಸೈಕಲ್ ಪಾಠ. ನಮ್ಮ ಮನೆಯವರು ಹಿಂದಿನ ಕ್ಯಾರಿಯರ್ ಹಿಡಿದು ಓಡುವುದು, ನಾನು ಮುಂದೆ ಕಿರುಚುವುದು. "ಮುಂದ ನೋಡು, ಮುಂದ ನೋಡು" ಎಂದು ಅವರು ಮಗ್ಗಿ ಹೇಳಿಸಿದಂತೆ ಹೇಳುತ್ತಿದ್ದರು. ನನ್ನ ಕಣ್ಣು ಮಾತ್ರ ನಾನು ಎಲ್ಲಿ ಬೀಳಬಹುದೋ ಆ ಜಾಗವನ್ನೇ ಹುಡುಕುತ್ತಿತ್ತು. ಹುಡುಕಿದಲ್ಲೇ ಬೀಳುತ್ತಿದ್ದೆ. ಅಷ್ಟು ದೊಡ್ಡ ಬಯಲಿನಲ್ಲಿ ಒಂದೇ ಒಂದು ಜಾಲಿಗಿಡ. ಆ ಗಿಡಕ್ಕೂ ನನಗೂ ಯಾವ ಜನ್ಮದ ನಂಟೋ, ತಪ್ಪದೆ ಅದರೊಳಗೇ ಹೋಗುತ್ತಿದ್ದೆ. ಕೊನೆಗೆ ಒಂದು ದಿನ ಗಿಡ ಪಕ್ಕಕ್ಕೆ ಉಳಿಯಿತು, ನಾನು ಮುಂದೆ ಹೋದೆ. ಹಿಂದಿರುಗಿ ನೋಡಿದರೆ ನಮ್ಮ ಮನೆಯವರು ಸೊಂಟದ ಮೇಲೆ ಕೈಯಿಟ್ಟು ದೂರದಲ್ಲಿ ನಿಂತಿದ್ದಾರೆ, ಕ್ಯಾರಿಯರ್ ಬಿಟ್ಟು ಯಾವ ಕಾಲವೋ ಆಗಿದೆ! ಗಾಬರಿಯಿಂದ ಮತ್ತೆ ಬಿದ್ದೆ. ಆದರೆ ಬಂತು.

ಅತ್ತೆಗೆ ಗೊತ್ತಾದದ್ದು ಮುಳ್ಳಿನಿಂದ. ಕಟ್ಟೆಯ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದೆ. ಎಲ್ಲಿ ಚುಚ್ಚಿತೆಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿಬಿಟ್ಟೆ. ಅತ್ತೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, "ನಾ ಹೇಳೂತನಕ ಆ ಗಾಡಿ ಮುಟ್ಟಿದ್ರ ನನ್ನ ಆಣಿ ಐತಿ" ಎಂದರು. ಆಣೆಯೆಂದರೆ ನಮ್ಮಲ್ಲಿ ಆಟವಲ್ಲ. ಹಾಕಿದವರೇ ಬಿಡಿಸಬೇಕು. ಅಂದಿನಿಂದ ಎದುರಿನ ಅಂಗಡಿಯ ಆ ಸೈಕಲ್ಲನ್ನು ಕಣ್ಣಿನಿಂದ ಸಹ ಮುಟ್ಟಲಿಲ್ಲ. ಕಸ ಗುಡಿಸುವಾಗ ಬೆನ್ನು ತಿರುಗಿಸಿ ಗುಡಿಸುತ್ತಿದ್ದೆ.

ಹೀಗೆ ಮಳೆಗಾಲ ಕಳೆಯಿತು, ಚಳಿಗಾಲವೂ ಮುಗಿಯುತ್ತ ಬಂತು. ಇನ್ನು ಸುದ್ದಿ ಬಂದ ಆ ಗುರುವಾರಕ್ಕೆ ಬರುತ್ತೇನೆ. ರೊಟ್ಟಿ ಹಂಚಿನ ಮೇಲಿದೆ, ಮರೆತಿಲ್ಲ.

ನಮ್ಮ ಮನೆಯವರು ಸಾಲಿಯ ಕೆಲಸಕ್ಕೆಂದು ಹಿಂದಿನ ದಿನವೇ ಬಿಜಾಪುರಕ್ಕೆ ಹೋಗಿದ್ದರು. ಬಳೆಗಾರ ಹುಸೇನಸಾಬರು ಬಳೆಯ ಮಲಾರ ಹೊತ್ತು ಬಂದು ಬಾಗಿಲಲ್ಲಿ ನಿಂತರು. ಊರೂರು ತಿರುಗುವ ಅವರೇ ನಮ್ಮ ತವರಿನ ಟಪಾಲು.

"ಶಾಂತವ್ವಾ, ನಿಮ್ಮವ್ವ ಮಂಗಳವಾರ ಒಂದ ಮಾತ ಹೇಳಿ ಕಳಿಸ್ಯಾಳ. ನಾ ಹಾದ್ಯಾಗ ಎರಡ ಊರ ಮಾಡಕೊಂಡ ಬಂದೇನಿ, ತಪ್ಪ ತಿಳಕೋಬ್ಯಾಡ."

"ಏನಂದಾಳ್ರಿ ಕಾಕಾ?"

"ಎಡಗಣ್ಣ ಪೂರಾ ಹೋತು. ಬಲಗಣ್ಣಿಗಿ ಆಪರೇಶನ್ ಅಂತ. ಕಣ್ಣಿನ ಡಾಕ್ಟರು ಬ್ಯಾರೆ ಊರಿಂದ ಬರ್ತಾರ, ನಾಳಿ ಒಂದ ದಿನ ಇರ್ತಾರ. ನಿಮ್ಮಣ್ಣ ಇವತ್ತ ಮಧ್ಯಾನದ ಬಸ್ಸಿಗಿ ಆಕಿನ್ನ ಬಿಜಾಪುರಕ್ಕ ಕರಕೊಂಡ ಹೋಗಾವ." ಹುಸೇನಸಾಬರು ಮಲಾರ ಕೆಳಗಿಟ್ಟು ಬೆವರು ಒರೆಸಿಕೊಂಡರು. "ಆದ್ರ ಆಕಿ ಹಟಾ ಹಿಡದಾಳ. ಕತ್ತರಿ ಹಾಕಿದ ಮ್ಯಾಲೆ ಬೆಳಕ ಬಂದೀತೋ ಇಲ್ಲೋ, ಇರೂ ಒಂದ ಕಣ್ಣಿಂದ ಮಗಳ ಮಕಾ ನೋಡೂತನಕ ಬಸ್ಸ ಹತ್ತಂಗಿಲ್ಲ ಅಂತಾಳ."

ಅವ್ವನ ಹಟ ನನಗೆ ಗೊತ್ತು. ಹತ್ತುವುದಿಲ್ಲವೆಂದರೆ ಹತ್ತುವುದಿಲ್ಲ. ಈ ಸಲ ತಪ್ಪಿದರೆ ಆ ಡಾಕ್ಟರು ಮತ್ತೆ ಯಾವಾಗ ಬರುವರೋ, ಅಷ್ಟರಲ್ಲಿ ಇರುವ ಒಂದು ಕಣ್ಣೂ ಕೈಬಿಟ್ಟರೆ? ಮುಂಜಾನೆಯ ಬಸ್ಸು ಹೋಗಿ ಎರಡು ತಾಸಾಗಿತ್ತು. ಮುಂದಿನದನ್ನು ಹಿಡಿದು ಬಿಜಾಪುರ ಸುತ್ತಿ ಹೋದರೆ ಬಬಲೇಶ್ವರಕ್ಕೆ ಮುಟ್ಟುವಾಗ ಸಂಜೆ. ಅತ್ತೆ ಯಾರದಾದರೂ ಚಕ್ಕಡಿ ಕೇಳಿ ಬರುತ್ತೇನೆಂದು ಎದ್ದರು. ಆದರೆ ಕಡಲೆ ಕೀಳುವ ಹಂಗಾಮು, ಊರಿನ ಚಕ್ಕಡಿಗಳೆಲ್ಲ ಹೊಲದಲ್ಲಿ. ಸಿಕ್ಕರೂ ಎತ್ತಿನ ನಡಿಗೆಗೆ ಮಧ್ಯಾಹ್ನದ ಬಸ್ಸು ಸಿಗುತ್ತಿರಲಿಲ್ಲ. ಅವರು ಓಣಿಯ ತುದಿಯವರೆಗೆ ಹೋಗಿ ಬರಿಗೈಯಲ್ಲಿ ಬಂದರು.

ನನ್ನ ಕಣ್ಣು ಎದುರಿನ ಅಂಗಡಿಗೆ ಹೋಯಿತು. ಅತ್ತೆಯ ಕಣ್ಣೂ ಅಲ್ಲಿಗೇ ಹೋಯಿತು.

ಆಮೇಲೆ ನಾನು ಮಾಡಿದ ಕೆಲಸಕ್ಕೆ ಇವತ್ತಿಗೂ ದೇವರ ಮುಂದೆ ತಲೆ ತಗ್ಗಿಸುತ್ತೇನೆ. ಕೈಯಲ್ಲಿ ರೊಟ್ಟಿಗೆ ನೀರು ಸವರುವ ಒದ್ದೆ ಅರಿವೆ ಹಾಗೇ ಇತ್ತು. ನೇರ ಜಗಲಿಯ ಹತ್ತಿರ ಹೋದೆ. ಕ್ಯಾಲೆಂಡರಿನ ಕೆಳ ಅಂಚಿನ ವಿಭೂತಿಯನ್ನು ಆ ಅರಿವೆಯಿಂದ ಒರೆಸಿದೆ. ತಿಂಗಳುಗಟ್ಟಲೆಯ ಸೋಮವಾರಗಳು ಕೈಗೆ ಹತ್ತಿದವು. ಒಳಗಿನಿಂದ ಆ ಇಬ್ಬರು ಹೆಂಗಸರು ಎದ್ದು ಬಂದರು.

"ಅತ್ತೀ, ಇಲ್ಲಿ ನೋಡ್ರಿ."

ಅತ್ತೆ ಕಣ್ಣು ಕಿರಿದು ಮಾಡಿ ಬಗ್ಗಿದರು. "ಯಾರಿವ್ರು?"

"ಹೆಂಗಸರ್ರೀ. ಕೈಲಾಸದಾಗಿನವರು."

"ಏನ ಮಾಡಾಕತ್ತಾರ?"

"ಸೈಕಲ್ ಹೊಡ್ಯಾಕತ್ತಾರ್ರೀ."

ಅದು ಕೈಲಾಸವಲ್ಲವೆಂದು ನನಗೆ ಗೊತ್ತಿತ್ತು. ನಕಾಶೆ ಮಡಚಿಟ್ಟವಳು ನಾನೇ. ಆದರೂ ಹೇಳಿದೆ. ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು, ಇಬ್ಬರೂ ಕದಲಲಿಲ್ಲ. ಅತ್ತೆ ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಆಮೇಲೆ ನನ್ನ ವಿಭೂತಿ ಹತ್ತಿದ ಕೈಯನ್ನೇ ಎತ್ತಿ ನನ್ನ ಹಣೆಗೆ ಒತ್ತಿ, "ಬಿಡಿಸೇನಿ ಆಣಿ. ಕೈಲಾಸದಾಗ ನಡೀತದಂದ್ರ ತಿಕೋಟಾದಾಗ ಯಾಕ ನಡಿಯಂಗಿಲ್ಲ? ಬುಟ್ಟ್ಯಾಗ ಐದ ರೊಟ್ಟಿ ಅದಾವ, ಕಟಗೊಂಡ ಹೋಗು. ಬೀಗತಿ ಉಪಾಸ ಕುಂತಿರತಾಳ" ಎಂದರು.

ದಸ್ತಗೀರಸಾಬರು ಒಂದು ಮಾತೂ ಕೇಳದೆ ಸೈಕಲ್ಲಿಗೆ ಗಾಳಿ ಹೊಡೆದು, ಎಣ್ಣೆ ಬಿಟ್ಟು, ಸೀಟನ್ನು ಒರೆಸಿ ಕೊಟ್ಟರು. "ತಂಗಿ, ಚೈನ ಜರಾ ಸಡ್ಲ ಐತಿ. ಕಳಚಿದ್ರ ಅಂಜಬ್ಯಾಡ್ರಿ. ಮೊದಲ ಮ್ಯಾಲಿನ ಹಲ್ಲಿಗಿ ಕೂಡಿಸಿ, ಪೆಡಲ್ ಹಿಂದಕ್ಕ ತಿರುವಿದ್ರ ತಾನ ಕೂಡ್ರತೈತಿ." ನಾನು ಇಲಕಲ್ ಸೀರೆಯ ನೆರಿಗೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಸೈಕಲ್ ಎರಡು ಸಲ ಹಾವಿನಂತೆ ಹೊರಳಾಡಿತು. ಓಣಿಯ ಬಾಗಿಲುಗಳೆಲ್ಲ ಒಂದೇ ಸಲ ತೆರೆದವು.

"ಯವ್ವಾ, ನೀಲವ್ವಾ! ಸೊಸಿ ಏನ ಹತ್ತ್ಯಾಳ ಬೇ!" ಎಂದು ಪಕ್ಕದ ಮನೆಯ ಕಾಶವ್ವ ನಮ್ಮ ಅತ್ತೆಯನ್ನು ಕೂಗಿದ್ದು ಕೇಳಿಸಿತು.

ಹಿಂದಿನಿಂದ ನಮ್ಮ ಅತ್ತೆಯ ದನಿ ಅದಕ್ಕಿಂತ ಗಟ್ಟಿಯಾಗಿ ಬಂತು. "ಕೈಲಾಸದಾಗ ಹೊಡೀತಾರ, ನನ್ನ ಸೊಸಿ ಹೊಡದ್ರ ನಿನಗೇನ ಬ್ಯಾನಿ? ಒಳಗ ಬಾ, ತೋರಸ್ತೀನಿ!"

ಊರು ದಾಟಿದ ಮೇಲೆ ಡಾಂಬರಿಲ್ಲ, ಕಲ್ಲಿನ ಕಡಿ ಹಾಸಿ ಬಿಟ್ಟ ರಸ್ತೆ. ಎರಡೂ ಬದಿಗೆ ಕಪ್ಪು ಎರೆಹೊಲ, ಕಾಳುಗಟ್ಟಿ ತಲೆ ಬಗ್ಗಿಸಿದ ಬಿಳಿಜೋಳ, ನಡುನಡುವೆ ಕುಸುಬೆಯ ಕೊನೆಯ ಹಳದಿ ಹೂ. ನನ್ನ ಮೈ ಬಿಗಿದುಕೊಂಡಿತ್ತು. ಹ್ಯಾಂಡಲ್ ಹಿಡಿದ ಬೆರಳುಗಳು ಮರಗಟ್ಟಿದ್ದವು. ಅಂಜಿಕೆ ಕಳೆಯಲು ಅವ್ವನಂತೆ ಎಣಿಸೋಣವೆಂದರೆ ಬೆರಳು ಬಿಡುವ ಹಾಗಿಲ್ಲ. ಹೆಬ್ಬೆರಳಿನ ಹತ್ತಿರ ಗಂಟೆ ಇತ್ತು. ಗಾಳಿ ಬೆನ್ನಿಗಿದೆ ಎನಿಸಿತು, ಒಮ್ಮೆ ಬಾರಿಸಿದೆ. ಬಿಸಿಲು ಇನ್ನೂ ಏರಿಲ್ಲ, ಇನ್ನೊಮ್ಮೆ. ಎದುರಿಗೆ ಬಂದ ಎತ್ತುಗಳು ಬೆದರಲಿಲ್ಲ, ಮತ್ತೊಮ್ಮೆ. ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಆಳಿಲ್ಲದ ದಾರಿಯಲ್ಲಿ ಈಕೆ ಯಾರಿಗೆ ಗಂಟೆ ಬಾರಿಸುತ್ತಿದ್ದಾಳೆಂದು ನಡ ನೆಟ್ಟಗೆ ಮಾಡಿ ನೋಡಿದರು. ಅವರಲ್ಲಿ ಒಬ್ಬಾಕೆ ಕೈಬೀಸಿದಳು. ಅದಕ್ಕೂ ಒಮ್ಮೆ ಬಾರಿಸಿದೆ.

ಡೋಣಿ ಹೊಳೆಯ ಕಡೆಗೆ ನೆಲ ತಗ್ಗುತ್ತ ಹೋಗುತ್ತದೆ. ಅಲ್ಲಿ ನಾನು ಪೆಡಲ್ ಬಿಟ್ಟೆ. ಸೈಕಲ್ ತಾನಾಗಿಯೇ ಇಳಿಯತೊಡಗಿತು. ಕಿವಿಯಲ್ಲಿ ಗಾಳಿ, ಸೆರಗಿನಲ್ಲಿ ಗಾಳಿ. ಕೆಳಗೆ ಹೊಳೆ ಹೊಳೆಯುತ್ತಿತ್ತು, ಆಚೆ ದಡದಿಂದ ರಸ್ತೆ ಮತ್ತೆ ಮೇಲೇರುತ್ತಿತ್ತು. ಹಿಮದ ಗುಡ್ಡವೊಂದನ್ನು ಬಿಟ್ಟರೆ ನಮ್ಮ ಜಗಲಿಯ ಪಕ್ಕದ ಚಿತ್ರವೇ! ನಿಜ ಹೇಳುತ್ತೇನೆ, ಅವ್ವನ ಕಣ್ಣಿನ ಚಿಂತೆಯ ನಡುವೆಯೂ ಒಂದು ನಿಮಿಷ ನನಗೆ ಬಹಳ ಸುಖವಾಯಿತು. ಸುಖವಾಯಿತಲ್ಲ ಎಂದು ನಾಚಿಕೆಯಾಯಿತು. ಆಮೇಲೆ, ಕೊಟ್ಟವನು ದೇವರೇ ಅಲ್ಲವೇ ಎಂದುಕೊಂಡು ಗಂಟೆ ಬಾರಿಸಿದೆ.

ಹೊಳೆಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಸೈಕಲ್ಲನ್ನು ತಳ್ಳಿಕೊಂಡು ದಾಟಿ, ಹಣೆಯ ವಿಭೂತಿಗೆ ತಾಗದಂತೆ ಕೆನ್ನೆಗೆ, ಬಾಯಿಗೆ ನೀರು ಹಾಕಿಕೊಂಡೆ. ಡೋಣಿಯ ನೀರು ಉಪ್ಪು, ತುಟಿ ಚುರುಗುಟ್ಟಿತು. ಆಚೆಯ ಏರಿನಲ್ಲಿ ಅರ್ಧಕ್ಕೆ ಬಂದಿದ್ದೆ, ಕಟಕ್ಕೆಂದು ಚೈನು ಕಳಚಿತು.

ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಕೋಲಿಗೆ ಗದ್ದ ಊರಿಕೊಂಡು ನೋಡುತ್ತಿದ್ದ. "ಮಮದಾಪುರದಾಂವ ನಾ. ಕುರಿ ಕಾಲ ಮುರದ್ರ ಕಟ್ಟತೇನಿ ಯವ್ವಾ, ಇದರ ಕಾಲ ನನಗ ತಿಳಿಯಂಗಿಲ್ಲ" ಎಂದ.

"ಹಿಂದಿನ ಗಾಲಿ ಜರಾ ಎತ್ತಿ ಹಿಡೀರಿ ಯಜ್ಜಾ, ಸಾಕು" ಎಂದೆ. ಅವನು ಎತ್ತಿ ಹಿಡಿದ. ನಾನು ಮೇಲಿನ ಹಲ್ಲಿಗೆ ಚೈನು ಕೂಡಿಸಿ ಪೆಡಲ್ ಹಿಂದಕ್ಕೆ ತಿರುವಿದೆ. ಮೂರು ಸಲ ಜಾರಿ, ನಾಲ್ಕನೆಯ ಸಲ ಕೂತಿತು. ಕೈಯೆಲ್ಲ ಎಣ್ಣೆಯ ಮಸಿ. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಂಡೆ. ಅದೇ ಕೈಯಿಂದ ಎಂಬುದು ಆಗ ಹೊಳೆಯಲಿಲ್ಲ.

ಬಬಲೇಶ್ವರದ ನಮ್ಮ ಓಣಿಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕಂಬಕ್ಕೆ ಆತು ಕೂತಿದ್ದಳು, ಕೈಚೀಲ ಪಕ್ಕದಲ್ಲಿ. ಅಣ್ಣ ಮುಂದೆ ನಿಂತು, "ಅವ್ವಾ, ಬಸ್ಸಿನ ಹೊತ್ತಾತು. ಆಕಿ ಬರೂದ ಆಗಂಗಿಲ್ಲ, ಹಟಾ ಮಾಡಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದ. ನಾನು ಗಂಟೆ ಬಾರಿಸಿದೆ. ಅಣ್ಣ ತಿರುಗಿ ನೋಡಿದವನು ಬಾಯಿ ತೆರೆದು ಹಾಗೇ ನಿಂತ.

"ಅವ್ವಾ, ನಾನಽ, ಶಾಂತಿ" ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಹೋಗಿ ಅವಳ ಮುಂದೆ ಕೂತೆ. ಅವ್ವ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು ಬಲಗಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಬಾಡುತ್ತ ಬಂತು.

"ಹೋತಲ್ಲೋ ಯಪ್ಪಾ," ಎಂದು ಅಣ್ಣನ ಕಡೆ ತಿರುಗಿದಳು. "ಈ ಕಣ್ಣೂ ಹೋತು. ನನ್ನ ಮಗಳ ಮಕಾ ಕರ್ರಗ ಕಾಣಾಕತ್ತೈತಿ. ನಡುವ ಬೆಳ್ಳಗ ಏನೋ ಹರದಂಗ ಐತಿ. ಇನ್ನ ಬಸ್ಸ ಹತ್ತಿ ಏನ ಮಾಡ್ಲಿ?"

ಅಣ್ಣ ಹತ್ತಿರ ಬಂದು ನನ್ನ ಮುಖ ನೋಡಿದ. ಒಮ್ಮೆಲೇ ನಗತೊಡಗಿದ. ನಗುವುದು ಅವನಿಂದ ನಿಲ್ಲಿಸಲಾಗಲಿಲ್ಲ. "ಅವ್ವಾ, ನಿನ್ನ ಕಣ್ಣ ಬೆಸ್ಟ್ ಐತಿ! ಈಕಿ ಮಕಾನಽ ಕರ್ರಗಾಗೈತಿ! ಹಣಿತುಂಬ ಸೈಕಲ್ ಎಣ್ಣಿ, ಅದರ ಮ್ಯಾಲೆ ವಿಭೂತಿ ಇಳದೈತಿ. ಥೇಟ್ ಮಸಿ ಗಡಿಗಿ ಕಂಡಂಗ ಕಾಣಾಕತ್ತಾಳ!"

ಅವ್ವ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ಸೆರಗನ್ನು ಕಣ್ಣಿನ ಹತ್ತಿರ ತಂದು ಮಸಿಯನ್ನು ನೋಡಿದಳು. ಮತ್ತೆ ಒರೆಸಿ ಮುಖ ನೋಡಿದಳು. ಈ ಸಲ ಮಗಳು ಸಿಕ್ಕಳು. ಬೆರಳನ್ನು ತುಟಿಗೆ ಹಚ್ಚಿಕೊಂಡು, "ಉಪ್ಪ ಉಪ್ಪ ಐತಿ. ಅಳಕೋತ ಬಂದೀ ಏನ ಬೇ ಹಾದ್ಯಾಗ?" ಎಂದಳು.

"ಇಲ್ಲವ್ವಾ. ಡೋಣಿ ನೀರು."

"ಹ್ಞೂಂ, ಡೋಣಿ ನೀರಽ ಇರಬೇಕ" ಎಂದು ನಕ್ಕಳು. ನಂಬಲಿಲ್ಲವೆಂದು ಕಾಣುತ್ತದೆ. ನಂಬುವಂತೆಯೂ ಇರಲಿಲ್ಲ, ಅಷ್ಟರಲ್ಲಿ ನಾನು ಅಳುತ್ತಿದ್ದೆ.

ಬಸ್ಸು ಬಂತು. ಅವ್ವ ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಕೂತು, ಬೀಗತಿ ಕಳಿಸಿದ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ನಾಳೆ ದೀಪ ಹಚ್ಚುವ ಹೊತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟಿದರೂ ಬೆರಳ ಗೆರೆ ಮುಟ್ಟುವುದು ಬಿಡುವುದಿಲ್ಲವೆಂದಳು. ಅಣ್ಣನೂ ಅವನ ಹೆಂಡತಿಯೂ ಜೊತೆಗೆ ಹೋದರು. ಸಾಬರ ಸೈಕಲ್ಲನ್ನು ಮುಟ್ಟಿಸಬೇಕಾದ ನಾನು ಬಂದ ದಾರಿ ಹಿಡಿದೆ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಿಗೆ. ಅದಕ್ಕೆ ಮಾತ್ರ ಗಂಟೆ ಬಾರಿಸಲಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆ. ಅತ್ತೆ ಕಾಲಿಗೆ ಬಿಸಿನೀರು ಕಾಸಿಟ್ಟಿದ್ದರು. ಅದನ್ನು ಕಂಡ ಮೇಲೆ ಒಳಗೆ ಇಟ್ಟುಕೊಳ್ಳಲು ಆಗಲಿಲ್ಲ. ಜಗಲಿಯ ಮುಂದೆ ನಿಂತು, "ಅತ್ತೀ, ನನ್ನಿಂದ ತಪ್ಪಾಗೈತ್ರಿ. ಅದು ಕೈಲಾಸಲ್ಲ. ಗೊತ್ತಿದ್ದೂ ನಿಮಗ ಹಂಗ ಹೇಳಿದೆ" ಎಂದೆ.

ಅತ್ತೆ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. "ಕ್ಯಾಲೆಂಡರ ಕೊಡೂ ದಿನಾನಽ ದಸ್ತಗೀರ ಹೇಳಿದ್ದ, ಯಾವದೋ ದೇಶದ ಗುಡ್ಡಾಂತ."

"ಮತ್ತ ವಿಭೂತಿ?"

"ನೋಡಿದ್ರ ಕೈ ಮುಗೀಬೇಕನಿಸ್ತು, ಮುಗದೆ. ಆ ದೇಶದ ಗುಡ್ಡಾ ಏನ ಬ್ಯಾರೆ ದೇವ್ರು ಮಾಡ್ಯಾನೇನು?" ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದರು. "ಆಣಿ ಹಾಕಿದಾಕಿ ನಾನು. ಸುಮ್ಮಸುಮ್ಮನ ಹೆಂಗ ಬಿಡಿಸ್ಲಿ? ಕಾಶವ್ವಗ ಹೇಳಾಕರ ನನಗೊಂದ ಮಾತ ಬೇಕಾಗಿತ್ತು. ನೀನಽ ತಂದ ಕೊಟ್ಟಿ. ಹೋಗು, ಮಕಾ ತೊಳಕೋ, ದೀಪದ ಮುಂದ ಈ ಅವತಾರದಾಗ ನಿಂದರಬ್ಯಾಡ."

ಆ ಸಂಜೆ ನನ್ನ ಎರಡೂ ಕೈಯ ಗೆರೆಗಳು ಸಾಲಲಿಲ್ಲ.

ಆಪರೇಶನ್ ಆಯಿತು. ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಬೇಕಾದ ದಿನಗಳು, ಆಮೇಲೆ ಹಸಿರು ಬಟ್ಟೆ, ಆಮೇಲೆ ಸೀಸೆಯ ತಳದಷ್ಟು ದಪ್ಪ ಕನ್ನಡಕ. ಕಾಣುತ್ತದೆಯೆಂದು ಅಣ್ಣ ಕಾಗದ ಬರೆಸಿದ. ಎಷ್ಟು ಕಾಣುತ್ತದೆಂದು ಬರೆಯಲಿಲ್ಲ. ಅಣ್ಣನ ಸಮಾಧಾನದ ಮಾತಿರಬಹುದೇ ಎಂಬ ಸಂಶಯ ನನ್ನೊಳಗೆ ಉಳಿದೇ ಇತ್ತು.

ಬೇಸಿಗೆಯ ಹೊತ್ತಿಗೆ ಅವ್ವ ಬಿಜಾಪುರ ಸುತ್ತಿಕೊಂಡು, ಎರಡು ಬಸ್ ಹತ್ತಿ, ಅಣ್ಣನ ಜೊತೆ ತಿಕೋಟಾಕ್ಕೆ ಬಂದಳು. ನಾನು ಒಲೆಯ ಮುಂದಿದ್ದೆ. ಕಾಲು ತೊಳೆದು ಒಳಗೆ ಬಂದವಳು ಜಗಲಿಗೆ ಕೈ ಮುಗಿದಳು. ಆಮೇಲೆ ಪಕ್ಕದ ಗೋಡೆಯ ಮುಂದೆ ನಿಂತುಬಿಟ್ಟಳು.

"ಬೀಗತಿಯವರ, ಇದ್ಯಾವ ಊರು?"

"ಕೈಲಾಸ" ಎಂದರು ಅತ್ತೆ, ಮುಖದ ಮೇಲಿನ ಒಂದು ಗೆರೆ ಸಹ ಅಲುಗಿಸದೆ.

"ಕೈಲಾಸದಾಗ ಹೆಂಗಸರು ಸೈಕಲ್ ಹೊಡೀತಾರಲ್ಲ್ರೀ! ಒಬ್ಬಾಕಿ ಟೊಪ್ಪಿಗಿ ಹಾಕ್ಯಾಳ. ಒಬ್ಬಾಕಿ ಗಾಡಿಗಿ ಬುಟ್ಟಿ ಐತಿ."

ರೊಟ್ಟಿ ಬಡಿಯುವ ನನ್ನ ಕೈ ನಿಂತಿತು. ಜೋಳದ ಕಾಳಿನಷ್ಟು ಹೆಂಗಸರು, ಆ ಹೆಂಗಸರ ತಲೆಯ ಮೇಲಿನ ಟೊಪ್ಪಿಗೆ. ಇನ್ನಾವ ಡಾಕ್ಟರು ಏನು ಹೇಳಬೇಕು ನನಗೆ?

"ಮೂರ ಮಂದಿ ಅದಾರ" ಎಂದಳು ಅವ್ವ.

ನಾನು ಹಿಟ್ಟಿನ ಕೈಯಲ್ಲೇ ಎದ್ದು ಬಂದೆ. "ಎರಡ ಮಂದಿ ಅವ್ವಾ."

"ಮೂರ ಬೇ. ಅಲ್ಲಿ ತಿರುವಿನ್ಯಾಗ ನೋಡು, ಹಿಂದ ಒಬ್ಬಾಕಿ ಬರಾಕತ್ತಾಳ. ಕೆಂಪ ಸೀರ್ಯಾಕಿ."

ಬಗ್ಗಿ ನೋಡಿದೆ. ಅವ್ವ ತೋರಿಸಿದಲ್ಲಿ, ರಸ್ತೆ ಗುಡ್ಡದ ಹಿಂದಿನಿಂದ ಹೊರಳಿ ಬರುವ ಕಡೆ, ಸೂಜಿಯ ಮೊನೆಯಷ್ಟು ಕೆಂಪು ಚುಕ್ಕೆ. ನನ್ನ ಒದ್ದೆ ಅರಿವೆಗೆ ಸಿಗದೆ ಉಳಿದ ಅತ್ತೆಯ ಕುಂಕುಮವೋ, ನಿಜವಾಗಿಯೂ ಹಿಂದೆ ಬರುತ್ತಿರುವ ಯಾರೋ ಒಬ್ಬಳೋ. ಮೊನ್ನೆ ನನ್ನದೇ ದಪ್ಪ ಕನ್ನಡಕ ಹಾಕಿಕೊಂಡು ನೋಡಿದೆ, ಆಗಲೂ ತಿಳಿಯಲಿಲ್ಲ. ಒರೆಸಿ ನೋಡುವ ಮನಸ್ಸಾಗಲಿಲ್ಲ.

ಅತ್ತೆಯೂ ಬಂದು ಬಗ್ಗಿದರು. "ಹೌದಽ ಬಿಡ್ರಿ ಬೀಗತಿಯವರ, ಮೂರ ಅದಾರ" ಎಂದು ಒಪ್ಪಿ, ನನ್ನ ಕಡೆ ತಿರುಗಿದರು. "ನೀ ಏನ ನಿಂತೀ ಬೇ ಇಲ್ಲಿ? ಹಂಚಿನ ಮ್ಯಾಲಿಂದು ಹೊಗಿ ಬಿಡಾಕತ್ತೈತಿ. ಇದನ್ನೂ ಸುಡತೀ ಏನು?"

ಓಡಿಹೋಗಿ ರೊಟ್ಟಿ ತಿರುವಿ ಹಾಕಿದೆ.